ಅರಮನೆಯಿಂದ ಬಂದ ಸಾವಿನ ಕಾಗದ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚನ್ನಗಿರಿಯಲ್ಲಿದ್ದುಕೊಂಡು ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಹೊನ್ನಾಳಿ, ನ್ಯಾಮತಿಯ ಸುದ್ದಿಯೂ ನನ್ನ ಪಾಲಿಗೇ ಇತ್ತು. ಕಣ್ಣಾರೆ ಕಾಣದ ಕಾಗದದ ಬಗ್ಗೆ ಬರೆಯಕೂಡದು ಎಂದು ಸಂಪಾದಕರು ಮೊದಲ ದಿನವೇ ಹೇಳಿದ್ದರು.

ಅಡಿಕೆ ಮಂಡಿಯೊಂದರ ಗುಮಾಸ್ತರು ಪರಿಚಯವಾದದ್ದು ಆಗ. ವಯಸ್ಸು ಐವತ್ತರ ಹತ್ತಿರ, ಅಕ್ಷರ ಅಚ್ಚುಕಟ್ಟು. ಮಂಡಿಯ ಕಾಗದಗಳನ್ನೆಲ್ಲ ಅವರೇ ಬರೆಯುತ್ತಿದ್ದರು. ಕೆಳಗೆ ಸಾಹುಕಾರರು ರುಜು ಹಾಕುತ್ತಿದ್ದರು. ಮನೆಯಲ್ಲಿ ಅವರು ರಾಜರಿಗೆ ಬರೆಯುತ್ತಿದ್ದರು. ರಾಜ್ಯ ಹೋಗಿ, ಸರ್ಕಾರ ಕೊಡುತ್ತಿದ್ದ ರಾಜಧನವೂ ನಿಂತ ಮೇಲೆ ಆ ಮನೆತನಗಳಿಗೆ ಕಾಗದ ಬರೆಯುವವರು ಕಡಿಮೆಯಾಗಿರುತ್ತಾರೆ, ಉತ್ತರ ಬಂದೇ ಬರುತ್ತದೆ ಎಂಬುದು ಅವರ ನಂಬಿಕೆ. ಅದು ಸುಳ್ಳಾಗಲಿಲ್ಲ. ಯಾವ ಅರಮನೆಯ ಮದುವೆ, ಹೆರಿಗೆ, ಸಾವಿನ ಸುದ್ದಿ ಕಂಡರೂ ಇಂಗ್ಲಿಷಿನಲ್ಲಿ ಬರೆದು, ಮಂಡಿಯ ವಾಡಿಕೆಯಂತೆ ‘ತಮ್ಮ ಕೃಪಾಪತ್ರದ ನಿರೀಕ್ಷೆಯಲ್ಲಿ’ ಎಂದು ಮುಗಿಸುತ್ತಿದ್ದರು. ಹೀಗೆ ಒಂದು ತಗಡಿನ ಪೆಟ್ಟಿಗೆ ತುಂಬಿತ್ತು. ಲಾಂಛನದ ಲಕೋಟೆಗಳು, ಜರಿ ಬಣ್ಣದ ಮದುವೆ ಕರೆಯೋಲೆ, ಔತಣವೊಂದರ ಊಟದ ಪಟ್ಟಿ, ಕುದುರೆಯ ಪಕ್ಕ ನಿಂತ ರಾಜಕುಮಾರನ ಫೋಟೊ, ರುಜು ಇದ್ದ ಇಪ್ಪತ್ತಕ್ಕೂ ಹೆಚ್ಚು ಕಾಗದಗಳು.

“ನಮ್ಮೂರಾಗೆ ಕೋಟೆ ಐತೆ, ರಾಜ ಇಲ್ಲ. ಅದ್ಕೆ ನಾನೇ ಕರೆಸ್ಕಂಡೀನಿ,” ಎಂದು ನಕ್ಕರು. “ಪೇಪರ್ನಾಗೆ ಒಂದು ನಾಕು ಸಾಲು ಬರೀರಿ ಸರ್.”

ಬರೆಯುವ ಮುನ್ನ ಪರೀಕ್ಷಿಸುವುದು ನನ್ನ ಅಭ್ಯಾಸ. ಒಂದೇ ಅರಮನೆಯ ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ರುಜುಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಹಿಂಬದಿಯಲ್ಲಿ ಬೆರಳಾಡಿಸಿದರೆ ನಿಬ್ಬು ಒತ್ತಿದ ಗುರುತಿಲ್ಲ. ಅದು ರಬ್ಬರ್ ಮೊಹರು. ಉಳಿದವು ಕೆಲವು ಹಾಗೇ, ಕೆಲವು ಕಾರ್ಯದರ್ಶಿಯ ರುಜು. ಕಂಡದ್ದನ್ನು ಕಂಡಂತೆ ಹೇಳಿದೆ.

ಅವರು ಕಾಗದಗಳನ್ನು ಜೋಡಿಸಿ ಪೆಟ್ಟಿಗೆಗೆ ಹಾಕಿದರು. ಮುಚ್ಚಳ ಹಾಕುತ್ತ, “ಮೂವತ್ತು ವರ್ಷ ಇನ್ನೊಬ್ರ ರುಜಿಗೆ ಕಾಗದ ಬರ್ದೀನಿ ಸರ್. ಒಬ್ರಾದ್ರೂ ನಂಗೆ ಅಂತ ಕೈಯಾರೆ ಬರೀಬೇಕು, ಅಷ್ಟೇಯ,” ಎಂದರು. ಅಂಥದ್ದೊಂದು ಬಂದರೆ ಖಂಡಿತ ಸುದ್ದಿ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ಅವರು ಈ ಬೆಳಕಿನ ಪರೀಕ್ಷೆಯನ್ನು ಬೀದಿಯವರಿಗೆಲ್ಲ ಕಲಿಸಿದರೆಂದು ತಿಳಿಯಿತು.

ಮರುವರ್ಷ ಉತ್ತರ ಭಾರತದ ಒಂದು ಸಂಸ್ಥಾನದ ವೃದ್ಧ ರಾಣಿ ತೀರಿಕೊಂಡರು. ಗುಮಾಸ್ತರು ಅವರ ಮಗನಿಗೆ ನಾಲ್ಕು ಪುಟ ಸಂತಾಪ ಬರೆದರು. ತಮ್ಮ ತಾಯಿ ಸತ್ತದ್ದನ್ನೂ ಅದರಲ್ಲಿ ಬರೆದಿದ್ದರಂತೆ. ಉತ್ತರ ಬಂದ ದಿನ ಅವರು ಮಂಡಿಯ ಕೆಲಸದ ಮೇಲೆ ಹೊನ್ನಾಳಿಗೆ ಹೋಗಿದ್ದರು.

ಲಕೋಟೆಗೆ ಕಪ್ಪು ಅಂಚಿತ್ತು. ಅಂಚೆಯವನು ಹೊಸ್ತಿಲು ದಾಟದೆ ಜಗಲಿಯ ಮೇಲಿಟ್ಟು, “ಅಮ್ಮಾರೆ, ಸಾವಿನ ಕಾಗ್ದ,” ಎಂದು ಕೂಗಿ ಹೋದ. ಗುಮಾಸ್ತರ ಹೆಂಡತಿಯ ಅಣ್ಣ ಜಗಳೂರು ಕಡೆಯ ಬಿಳಿಚೋಡಿನಲ್ಲಿ ಕಾಯಿಲೆ ಮಲಗಿದ್ದರು. ಆಕೆ ಎದುರು ಮನೆಯ ದರ್ಜಿಯ ಬಳಿಗೆ ಓಡಿದರು. ಅವರು ಮೆಟ್ರಿಕ್‌ವರೆಗೆ ಓದಿದ ಸಾಬರು. ಅಕ್ಷರ ಕೂಡಿಸಿ ಕೂಡಿಸಿ ಇಂಗ್ಲಿಷ್ ಓದುತ್ತಿದ್ದರು.

“ನಿಮ್ಮಣ್ಣ ಅಲ್ಲ ಅಕ್ಕಾ, ಯಾರೋ ರಾಣಿ,” ಎಂದರಂತೆ ದರ್ಜಿ. ಮರಳಿಸುವ ಮುಂಚೆ ಬೆಳಕಿಗೂ ಹಿಡಿದು ನೋಡಿದರು.

ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ನಮ್ಮ ಕಡೆಯ ರೂಢಿ, ಮನೆಯೊಳಗೆ ಇಡುವುದಿಲ್ಲ. ಆಕೆ ಅದನ್ನು ಲಕೋಟೆಯ ಸಮೇತ ಹರಿದು, ನೀರೊಲೆಗೆ ಹಾಕಿ, ತಲೆಗೆ ಸ್ನಾನ ಮಾಡಿದರು.

ಮಾರನೆಯ ದಿನ ಗುಮಾಸ್ತರು ಹೇಳಿಕಳಿಸಿದಾಗ ನಾನು ಹೋದೆ. ದರ್ಜಿಯೂ ಅಲ್ಲಿದ್ದರು.

“ಪೆಟ್ಗೆ ತುಂಬ ಇದ್ದ ಮೊಹರಿನ ಕಾಗದ ಬಿಟ್ಟು, ಇದೊಂದೇ ಸಿಕ್ತೇನೆ ನಿಂಗೆ ಸುಡಾಕೆ?” ಎಂದು ಗುಮಾಸ್ತರು ಹೆಂಡತಿಯನ್ನು ಕೇಳುತ್ತಿದ್ದರು.

“ಸತ್ತೋರ ಕಾಗದ ಮನ್ಯಾಗೆ ಯಾರಾದ್ರೂ ಇಟ್ಕಂತಾರೇನ್ರೀ?”

“ಆ ರಾಣಿ ನಮ್ಗೇನು ಆಗ್ಬೇಕಿತ್ತು?”

“ಏನೂ ಆಗ್ಬೇಕಿಲ್ಲ ಅಂದ್ರೆ ನಾಕು ಪುಟ ಅತ್ತು ಬರ್ದಿದ್ರಲ್ಲ, ಅದ್ಯಾಕೆ? ನಮ್ಮಪ್ಪ ಸತ್ತಾಗ ಒಂದು ಕಾರ್ಡು ಹಾಕಿದ್ರಿ.”

ದರ್ಜಿ ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. “ಕೈಬರಹನೇ ಸರ್. ಒಂದು ಪದ ಹೊಡೆದು ಹಾಕಿ ಮ್ಯಾಲೆ ಇನ್ನೊಂದು ಬರ್ದಿದ್ರು. ರುಜಿ ಹತ್ರ ಮಸಿ ಹರ್ಡಿತ್ತು. ಹಿಂದ್ಗಡೆ ನಿಬ್ಬಿನ ಗುರ್ತು ಕೈಗೆ ಸಿಗ್ತಿತ್ತು. ‘ನಿಮ್ಮ ತಾಯಿಯವರ ವಿಚಾರ ಓದಿದೆ’ ಅಂತನೂ ಇತ್ತು.”

ಗುಮಾಸ್ತರು ನನ್ನ ಮುಖ ನೋಡಿದರು. ನನಗೆ ದರ್ಜಿಯ ಮಾತಿನಲ್ಲಿ ಅನುಮಾನವಿರಲಿಲ್ಲ. ಆದರೂ ಕಾಗದವನ್ನು ನಾನು ಕಂಡಿರಲಿಲ್ಲ. ಸುದ್ದಿ ಕಳಿಸಲಾಗುವುದಿಲ್ಲ ಎಂದೆ.

“ಇನ್ನೊಂದ್ಸಲ ಬರೀರಿ ಅಂತ ಕೇಳ್ರಿ, ಅದ್ಕೇನು,” ಎಂದರು ಅವರ ಹೆಂಡತಿ, ಈ ಬಾರಿ ಮೆಲ್ಲಗೆ.

“ತಾಯಿ ಕಳ್ಕಂಡೋರಿಗೆ ಹಂಗೆ ಕೇಳಾಕೆ ಬರ್ತೈತೇನೆ?”

ಗುಮಾಸ್ತರು ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತರು. ಮಂಡಿಯಲ್ಲಿ ಮೂಟೆ ನೆನೆದು ಕೆಟ್ಟರೆ ನಾಲ್ವರ ಮುಂದೆ ಪಂಚನಾಮೆ ಬರೆಯುತ್ತಾರೆ. ಇದನ್ನೂ ಹಾಗೆಯೇ ಬರೆದರು. ಯಾವ ದಿನ ಬಂದದ್ದು, ಎಷ್ಟು ಸಾಲು ಇದ್ದದ್ದು, ಯಾವ ಪದ ಹೊಡೆದದ್ದು, ಯಾವ ಬಣ್ಣದ ಮಸಿ. ಓದಿದವರೆಂದು ದರ್ಜಿ ಉರ್ದುವಿನಲ್ಲಿ ರುಜು ಹಾಕಿದರು. ಸುಟ್ಟವರೆಂದು ಹೆಂಡತಿ ಒಂದೊಂದೇ ಅಕ್ಷರ ತಿದ್ದಿ ತಮ್ಮ ಹೆಸರು ಬರೆದರು. ಹಾಳೆ ನನ್ನ ಮುಂದೆ ಬಂತು. ‘ಮೇಲಿನ ಇಬ್ಬರೂ ನನ್ನ ಎದುರಿನಲ್ಲಿ ರುಜು ಹಾಕಿರುತ್ತಾರೆ’ ಎಂದಷ್ಟೇ ಬರೆದು, ಕೆಳಗೆ ನನ್ನ ರುಜು ಹಾಕಿದೆ. ನಾನು ಕಂಡದ್ದು ಅಷ್ಟೇ.

ಗುಮಾಸ್ತರು ಅದನ್ನು ಮಡಿಸಿ ಪೆಟ್ಟಿಗೆಯ ಕಡೆ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

“ಅದ್ರಾಗೂ ರಾಣಿ ಸತ್ತಿದ್ದೇ ತಾನೇ ಬರ್ದಿರಾದು? ಒಳಗೆ ಬ್ಯಾಡ್ರಿ.”

ಅವರು ಹಾಳೆ ಹಿಡಿದುಕೊಂಡೇ ಹಿಂದಕ್ಕೆ ಬಂದರು. ಆಮೇಲೆ ಅದನ್ನು ದರ್ಜಿಯ ಕೈಗೆ ಕೊಟ್ಟರು. ಮುಂದೆ ಅದನ್ನು ನೋಡಬೇಕೆನಿಸಿದಾಗಲೆಲ್ಲ ಗುಮಾಸ್ತರು ಚಪ್ಪಲಿ ಮೆಟ್ಟಿ ಎದುರು ಮನೆಗೆ ಹೋಗುತ್ತಿದ್ದರು.