ಶನಿವಾರದ ಸ್ನೋಮೊಬೈಲ್

ಆ ಚಳಿಗಾಲದಲ್ಲಿ ಹಿಮದ ಮೇಲೆ ಓಡಿಸುವ ಗಾಡಿ, ಒಂದು ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ಕೊಂಡೆ. ಯಾಕೆ ಎಂದು ಯಾರಾದರೂ ಕೇಳಿದರೆ ಮೋಜಿಗೆ ಎನ್ನುತ್ತಿದ್ದೆ. ಅದು ಸುಳ್ಳು. ಅಕ್ಟೋಬರಿನಲ್ಲಿ ನಮ್ಮ ಮೊದಲ ಮಗು ಉಸಿರಿಲ್ಲದೆ ಹುಟ್ಟಿತ್ತು. ಹೆಣ್ಣುಮಗು. ಅಂದಿನಿಂದ ನನ್ನ ಹೆಂಡತಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಧಾರವಾಡದಿಂದ ಫೋನ್ ಬಂದರೆ 'ಆರಾಮ ಇದ್ದೀವಿ' ಎನ್ನುತ್ತಿದ್ದಳು. ಮಗುವಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಇವಳು ಹೀಗೇ ಕಲ್ಲಾಗಿಬಿಟ್ಟರೆ ಏನು ಗತಿ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಎರಡು ಸಾವಿರನೇ ಇಸವಿ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಜನ ನಂಬಿದ್ದ ಕಾಲ ಅದು. ಹಿಲ್ಸ್‌ಬರೋದ ಮನೆಯಿಂದ ಪ್ರಿನ್ಸ್‌ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ವಾರವಿಡೀ ಹಳೆಯ ಪ್ರೋಗ್ರಾಮುಗಳ ತಾರೀಖು ತಿದ್ದುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು, ಏನಾದರೂ ಕೆಟ್ಟರೆ ರಿಪೇರಿ ಮಾಡದೆ ಕೂರಲಾರೆ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅವಳು ಚಪ್ಪಲಿಯಲ್ಲೇ ಪಾರ್ಕಿಂಗ್ ಲಾಟಿಗೆ ಓಡಿ ಹಿಮದಲ್ಲಿ ಕುಣಿದಿದ್ದು ನೆನಪಿತ್ತು. ಪೇಪರಿನಲ್ಲಿ ಈ ಗಾಡಿಯ ಜಾಹೀರಾತು ಕಂಡಿದ್ದೇ ತಡ, ಇದರ ಮೇಲೆ ಕೂರಿಸಿದರೆ ಮತ್ತೆ ನಕ್ಕಾಳು ಎಂದು ಲೆಕ್ಕ ಹಾಕಿದೆ. ಅದನ್ನು ಓಡಿಸುವುದೆಲ್ಲಿ, ಇಡುವುದೆಲ್ಲಿ ಎಂಬುದರ ಯೋಚನೆಯೇ ಇರಲಿಲ್ಲ. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವಲ್ಲ.

ಶನಿವಾರ ಬೆಳಿಗ್ಗೆ ಸ್ನೇಹಿತನೊಬ್ಬನ ಪಿಕಪ್ ಟ್ರಕ್ ಕೇಳಿ ತಂದು ಇಬ್ಬರೂ ಹೊರಟೆವು. ಬಾ ಎಂದೆ, ಬಂದಳು. ಉತ್ತರಕ್ಕೆ ಗುಡ್ಡಗಳ ಕಡೆ ಒಂದೂವರೆ ಗಂಟೆಯ ದಾರಿ. ಮಾರುವವನು ಎಪ್ಪತ್ತು ದಾಟಿದ ಅಮೆರಿಕನ್ ಮುದುಕ. ಮೊಣಕಾಲು ಕೈಕೊಟ್ಟಿದ್ದರಿಂದ ಮಾರುತ್ತಿದ್ದ. ಗಾಡಿ ಪುಟ್ಟದು, ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಮುಂದೆ ಹಿಮದ ಮೇಲೆ ಜಾರುವ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಒತ್ತಿಕೊಂಡು ಕೂತರೆ ಇಬ್ಬರು ಹಿಡಿಸುವ ಸೀಟು. ಹಗ್ಗ ಜಗ್ಗಿ ಎಂಜಿನ್ ಶುರು ಮಾಡುವುದನ್ನು ಮುದುಕ ನನಗೆ ಮೂರು ಸಲ ತೋರಿಸಿಕೊಟ್ಟ. ದುಡ್ಡು ಕೊಟ್ಟು ಕೈಕುಲುಕಿದೆ. ಟ್ರಕ್ಕಿಗೆ ಏರಿಸಲು ಅವನು ಮರದ ಹಲಗೆ ಜೋಡಿಸುತ್ತಿದ್ದಾಗ ನನ್ನ ಹೆಂಡತಿ ಟ್ರಕ್ಕಿನಿಂದ ಇಳಿದು ಬಂದಳು.

"ರೀ, ಇದನ್ನ ಇವತ್ತ ಮನಿಗೆ ಒಯ್ಯೋದು ಬ್ಯಾಡ್ರಿ."

"ಯಾಕ? ಏನಾತು?"

"ಇವತ್ತ ಶನಿವಾರ. ಕಬ್ಬಿಣದ ಸಾಮಾನು ಮನಿಗೆ ತರಬಾರದು."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಕಬ್ಬಿಣ ಎಲ್ಲದ ಇದ್ರಾಗ? ರಬ್ಬರ್, ಪ್ಲಾಸ್ಟಿಕ್! ವಾರಾ ಪೂರ್ತಿ ಆಫೀಸು. ಶನಿವಾರ ಬಿಟ್ಟು ಯಾವಾಗ ಬರ್ಲಿ ನಾನು? ಇಷ್ಟು ದೂರ ಬಂದು ಈ ಹುಚ್ಚಾಟ..."

ಅವಳು ನನ್ನ ಮಾತು ಮುಗಿಯಲು ಬಿಟ್ಟಳು. ಆಮೇಲೆ ಹಿಮದ ಕಡೆ ನೋಡುತ್ತ ಮೆಲ್ಲಗೆ ಅಂದಳು.

"ಆ ಕ್ರಿಬ್ಬೂ ಶನಿವಾರನ ತಂದಿದ್ವಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮ ಕಡೆ ಆಡಿಕೊಳ್ಳುತ್ತಾರೆ. ನಮ್ಮಲ್ಲಿ ತೊಟ್ಟಿಲು ಮನೆಗೆ ಬರುವುದು ಮಗು ಹುಟ್ಟಿದ ಮೇಲೆ, ಹೆಸರಿಡುವ ಹೊತ್ತಿಗೆ. ಇಲ್ಲಿ ಹಾಗಲ್ಲ, ಎಲ್ಲವೂ ಮುಂಚೆಯೇ ಸಿದ್ಧವಿರಬೇಕು ಎಂದು ಹೆರಿಗೆಯ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಸೆಪ್ಟೆಂಬರಿನಲ್ಲಿ ಅಂಗಡಿಗೆ ಹೋಗಿ ಕೂಸನ್ನು ಮಲಗಿಸುವ ಪುಟ್ಟ ಮಂಚ, ಬಿಳಿ ಬಣ್ಣದ ಕಬ್ಬಿಣದ ಕ್ರಿಬ್ ಆರಿಸಿದೆವು. ನಾಳೆ ಒಯ್ಯೋಣ ಎಂದಿದ್ದಳು ಅವಳು. ಶನಿದೇವರಿಗೆ ಅಮೆರಿಕದ ವೀಸಾ ಸಿಕ್ಕಿಲ್ಲ ಎಂದು ನಾನು ಚೇಷ್ಟೆ ಮಾಡಿ ಅದನ್ನು ಕಾರಿಗೆ ತುಂಬಿದ್ದೆ. ಅದು ಯಾವ ವಾರ ಎಂಬುದನ್ನು ಆಮೇಲೆ ನಾನು ಒಮ್ಮೆಯೂ ನೆನೆದಿರಲಿಲ್ಲ.

"ನನ್ನ ಮ್ಯಾಲ ಸಿಟ್ಟದ ಏನು ನಿನಗ?" ಎಂದು ಕೇಳಿದೆ.

"ನಿಮ್ಮ ಮ್ಯಾಲ ಯಾಕ? ಅವತ್ತ ನಾ ಗಟ್ಟಿ ನಿಲ್ಲಬೇಕಿತ್ತು. ನೀವು ಚ್ಯಾಷ್ಟಿ ಮಾಡಿದ್ರಿ, ನಾನೂ ನಕ್ಕಬಿಟ್ಟೆ. ಹೊಟ್ಟ್ಯಾಗ ಕೂಸು ಇಟಗೊಂಡಾಕಿ ನಗಬಾರದಿತ್ತು."

ಮೂರು ತಿಂಗಳು ಅವಳು ಯಾವುದಕ್ಕೋ ನನ್ನನ್ನು ದೂರುತ್ತಿದ್ದಾಳೆ ಎಂದುಕೊಂಡು ಒಳಗೊಳಗೇ ಸೆಟೆದುಕೊಂಡಿದ್ದೆ. ಅವಳು ದೂರುತ್ತಿದ್ದುದು ತನ್ನನ್ನೇ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ನಾಲಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಅದನ್ನು ಅವಳೂ ಕೇಳಿದ್ದಳು, ಪ್ರಯೋಜನವಾಗಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮುದುಕನ ಹತ್ತಿರ ಹೋಗಿ, ನಾಳೆ ಬಂದು ಒಯ್ಯಬಹುದೇ ಎಂದೆ. ಗಾಡಿಯಲ್ಲೇನಾದರೂ ದೋಷ ಕಂಡಿತೇ ಎಂದು ಅವನು ಕೇಳಿದ. ಇದ್ದದ್ದನ್ನೇ ಹೇಳಿದೆ. ನಮ್ಮಲ್ಲಿ ಶನಿವಾರ ಕಬ್ಬಿಣ ಮನೆಗೆ ತರುವುದಿಲ್ಲ, ನನ್ನ ಹೆಂಡತಿ ಅದನ್ನು ಪಾಲಿಸುತ್ತಾಳೆ ಎಂದೆ. ಅವನು ನಗಲಿಲ್ಲ. ತನ್ನ ಅಜ್ಜಿ ಶುಕ್ರವಾರ ಎಂದೂ ಪ್ರಯಾಣ ಹೊರಡುತ್ತಿರಲಿಲ್ಲ ಎಂದ. ಗಾಡಿ ಇವತ್ತು ತನ್ನ ಶೆಡ್ಡಿನಲ್ಲೇ ಇರಲಿ, ಆದರೆ ಇಷ್ಟು ದೂರ ಬಂದಿದ್ದೀರಿ, ತನ್ನ ಹೊಲದಲ್ಲಿ ಒಂದು ಸುತ್ತು ಓಡಿಸಲು ಅಡ್ಡಿಯಿದೆಯೇ ಎಂದು ಅವಳನ್ನೇ ಕೇಳಿದ. ಅವಳು ಸ್ವಲ್ಪ ಯೋಚಿಸಿ ಅಡ್ಡಿಯಿಲ್ಲ ಎಂದು ತಲೆಯಾಡಿಸಿದಳು. ಅವನು ಒಳಗಿಂದ ಎರಡು ಹಳೆಯ ಹೆಲ್ಮೆಟ್ ತಂದುಕೊಟ್ಟ.

ನಾನು ಹಗ್ಗ ಜಗ್ಗಿದೆ. ಅವಳು ಹಿಂದೆ ಕೂತು ನನ್ನ ಸೊಂಟ ಹಿಡಿದಳು. ಎಷ್ಟೋ ದಿನಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ. ಬೇಲಿಯ ಗುಂಟ ನಿಧಾನವಾಗಿ ಓಡಿಸಿದೆ. ಎಂಜಿನ್ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಬೇರೇನೂ ಕೇಳಿಸುತ್ತಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳು ನನ್ನ ಬೆನ್ನಿಗೆ ಒರಗಿದಳು. ಬೆನ್ನು ನಡುಗತೊಡಗಿತು. ಗಾಡಿಯ ಅಲುಗಾಟ ಎಂದುಕೊಂಡೆ. ಹೊಲದ ಆ ತುದಿಯಲ್ಲಿ ಎಂಜಿನ್ ಆರಿಸಿದೆ. ನಡುಕ ನಿಲ್ಲಲಿಲ್ಲ.

ಅವಳು ಅಳುತ್ತಿದ್ದಳು. ಬಾಯಿಬಿಟ್ಟು, ಎದೆ ಒಡೆಯುವಂತೆ, ಹೆತ್ತವಳು ಅಳುವಂತೆ. ದೂರದಲ್ಲಿ ಶೆಡ್ಡಿನ ಮುಂದೆ ನಿಂತಿದ್ದ ಮುದುಕ ಇತ್ತ ಒಮ್ಮೆ ನೋಡಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ತಿರುಗಲಿಲ್ಲ, ಸಮಾಧಾನ ಹೇಳಲಿಲ್ಲ. ನನ್ನ ಹೊಟ್ಟೆಯ ಮೇಲಿದ್ದ ಅವಳ ಕೈಗಳನ್ನು ಹಿಡಿದುಕೊಂಡು ನಾನೂ ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕಾಲ ಬೆರಳುಗಳು ಮರಗಟ್ಟಿದ್ದವು.

ಆಮೇಲೆ ಅವಳು ಕೇಳಿದಳು.

"ಅಕಿ ಹ್ಯಾಂಗಿದ್ಲು?"

ಆಸ್ಪತ್ರೆಯಲ್ಲಿ ನರ್ಸ್ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಇವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಎತ್ತಿಕೊಂಡವನು, ನೋಡಿದವನು ನಾನೊಬ್ಬನೇ. ಅವಳಾಗಿ ಕೇಳದೆ ಹೇಳಬಾರದು ಎಂದು ಸುಮ್ಮನಿದ್ದೆ.

"ನಿನ್ನ ಹಂಗ" ಎಂದೆ.

"ಕೂದ್ಲ ಇದ್ವೇನ್ರಿ?"

"ಭಾಳ ಇದ್ವು. ಕರ್ರಗ."

ಅವಳು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಮತ್ತ?"

ಕಿವಿಗಳಿಂದ ಶುರು ಮಾಡಿದೆ.