ಮಗ್ಗಲ ಮನೆಯ ತಪ್ ತಪ್

ಮೊನ್ನೆ ರೋಣದ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿ ಮುಂದೆ ಹಾದು ಬರುವಾಗ, ಹಂಚಿನ ಮೇಲೆ ಸೀದ ಜೋಳದ ಹಿಟ್ಟಿನ ವಾಸನೆ ಬಂತು. ಕೈಯಲ್ಲಿ ಕಾಯಿಪಲ್ಲೆ ಚೀಲ, ಬಸ್ಸು ಹೊರಡುವ ಹೊತ್ತು. ಆದರೂ ಕಾಲು ನಿಂತವು. ಮಗ್ಗಲ ಮನೆಯ ದೊಡ್ಡವ್ವ ನೆನಪಾದರು…

ಕೊಣ್ಣೂರಿನಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗ ಅವರ ಮುಖ ನೋಡುವ ಮೊದಲೇ ಸಪ್ಪಳ ಕೇಳಿದ್ದೆ. ಎರಡೂ ಅಡುಗೆಮನೆಗಳ ನಡುವೆ ಒಂದೇ ಗೋಡೆ. ಬೆಳಗಾದರೆ ಆ ಕಡೆ ಹಿಟ್ಟಿನ ಮುದ್ದೆ ತಟ್ಟುವಾಗ ತಪ್ ತಪ್, ರೊಟ್ಟಿ ಅಗಲವಾದಂತೆ ಪಟ ಪಟ ಪಟ. ನನ್ನ ಸಪ್ಪಳ ಕೇಳಿ ಅವರು ಗೋಡೆಯಾಚೆಯಿಂದಲೇ ಕೂಗುತ್ತಿದ್ದರು.

“ಏನವಾ, ಲಪ್ ಲಪ್ ಅನ್ನಾಕತ್ತೈತಲ್ಲ? ಎಮ್ಮಿ ಸಗಣಿ ಹಾಕಿದಂಗ. ನಿಮ್ಮ ಕೊಣ್ಣೂರಾಗ ರೊಟ್ಟಿ ಬಡಿತಾರೋ, ಅರಿವಿ ಒಗಿತಾರೋ?”

“ಹಿಟ್ಟು ನೀರಾಗೇತ್ರಿ ದೊಡ್ಡವ್ವಾ.”

“ಮತ್ತೀಟು ಹಿಟ್ಟು ಹಾಕಿ ನಾದು. ಪಟ ಪಟ ಅನ್ನೂತನಕ ನಿನ್ನ ರೊಟ್ಟಿ ನಮ್ಮ ಮನಿಗಿ ತರಬ್ಯಾಡ.”

ಹಾಗೆ ಬೈಸಿಕೊಂಡೇ ಕಲಿತೆ.

ಅವರದೊಂದು ಹರಕೆ ಇತ್ತು. ವರ್ಷಕ್ಕೊಮ್ಮೆ ತಮ್ಮ ಕೈಯಾರೆ ರೊಟ್ಟಿ ಬಡಿದು, ಬುಟ್ಟಿ ತುಂಬಿ, ಇಟಗಿ ಭೀಮವ್ವನ ಗುಡಿಗೆ ಒಯ್ದು ಉಣ್ಣಲು ಕುಂತವರಿಗೆ ನೀಡುವುದು. ಯಾಕೆ ಹೊತ್ತಿದ್ದರೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನದೂ ಒಂದು ಬುಟ್ಟಿ ಮಾಡಿಕೊಂಡು ಅವರ ಕೂಡ ಹೋಗುತ್ತಿದ್ದೆ.

ಒಂದು ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತೂ ಹೋಯಿತು. ಮಗನ ಹೆಸರು ಸಹ ಬಾಯಿಗೆ ಬರುತ್ತಿರಲಿಲ್ಲ. ಬಾಯಲ್ಲಿ ಉಳಿದದ್ದು ರೊಟ್ಟಿಯ ಸಪ್ಪಳ ಅಷ್ಟೇ… ತಪ್ ತಪ್, ಪಟ ಪಟ. ದೇವರು ಅಷ್ಟಾದರೂ ಬಿಟ್ಟನಲ್ಲ ಎಂದು ಕೈಮುಗಿದೆ.

ಇಟಗಿಗೆ ಹೋಗುವ ದಿನ ಹತ್ತಿರ ಬಂತು. ಅವರ ಸೊಸೆ, ಪಾಪ, ಮಷಿನ್ನಿನಲ್ಲಿ ಮಾಡಿದ ರೊಟ್ಟಿ ಕೊಂಡು ತಂದು ಬುಟ್ಟಿ ತುಂಬಿ ತೋರಿಸಿದಳು. ದೊಡ್ಡವ್ವ ಎಡಗೈಯಿಂದ ಬುಟ್ಟಿ ಸರಿಸಿ “ತಪ್… ತಪ್” ಎಂದರು.

“ನೋಡ್ರಿ ಅಕ್ಕಾರ, ಹಾಳಿ ಹಂಗ ತೆಳ್ಳಗ ಅದಾವು. ಇವೂ ಬ್ಯಾಡಂತ,” ಎಂದಳು ಸೊಸೆ.

“ಚಲೋ ಅದಾವು ತಂಗಿ. ಆದ್ರ ಅವರ ಕೈಯಾನವು ಅಲ್ಲಲ್ಲ. ಹಿಟ್ಟು ತಾ, ನಾ ನಾದ್ತೀನಿ.”

ಅವರನ್ನು ಗೋಡೆಗೆ ಆನಿಸಿ ಕೂಡಿಸಿದೆವು. ಬಲಗೈ ಎತ್ತಿ ಹಿಟ್ಟಿನ ಮೇಲಿಟ್ಟರೆ ಹಸಿ ಅರಿವೆಯ ಹಾಗೆ ಬಿದ್ದಿತ್ತು. ದೊಡ್ಡವ್ವ ಅದನ್ನೇ ಭಾಳ ಹೊತ್ತು ನೋಡಿದರು. ಆಮೇಲೆ ತಾವೇ ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಡಗೈ ಚಾಚಿದರು.

“ಎಡಗೈಲೆ ಬಡದದ್ದು ದೇವರಿಗೆ ನಡಿತೈತೇನ್ರಿ ಅಕ್ಕಾರ?” ಸೊಸೆ ಮೆಲ್ಲಗೆ ಕೇಳಿದಳು.

“ಆ ಬಲಗೈ ಎಷ್ಟು ಬಡದೈತಿ ಅಂತ ತಾಯಿಗೆ ಗೊತ್ತಿಲ್ಲೇನು? ನಡಿತೈತಿ ತಗಿ.”

ರೊಟ್ಟಿ ಒಂದು ಕಡೆ ದಪ್ಪಾಯಿತು, ಇನ್ನೊಂದು ಕಡೆ ಹರಿಯಿತು. ಹಂಚಿಗೆ ಹಾಕಿದರೆ ಉಬ್ಬಲಿಲ್ಲ, ಅಂಚು ಸೀದುಹೋಯಿತು. ದೊಡ್ಡವ್ವ ಅದನ್ನು ನೋಡಿ, ನನ್ನ ಮುಖ ನೋಡಿ, ಸೊಟ್ಟಾದ ಬಾಯಿಂದ “ಲಪ್… ಲಪ್” ಎಂದರು. ಮೂವರೂ ನಕ್ಕೆವು.

ನಗು ನಿಂತ ಮೇಲೆ ಅವರು ಮತ್ತೆ ಹಿಟ್ಟಿನ ಪರಾತದ ಕಡೆ ಕೈ ಮಾಡಿದರು. ಇನ್ನೊಂದು ಬಡಿಯಬೇಕಿತ್ತು ಅವರಿಗೆ. ಹಣೆಯಿಂದ ಬೆವರು ಇಳಿಯುತ್ತಿತ್ತು. “ಸಾಕ್ರಿ ದೊಡ್ಡವ್ವಾ, ಒಂದಾತಲ್ಲ. ಉಳಿದದ್ದು ಬರೋ ವರ್ಷ ಬಡಿಯೂಣು,” ಎಂದು ನಾನು ಹಿಟ್ಟು ಮುಚ್ಚಿಟ್ಟೆ.

ಆ ರೊಟ್ಟಿಯನ್ನು ನನ್ನ ಬುಟ್ಟಿಯಲ್ಲಿ ಎಲ್ಲಕ್ಕೂ ಮೇಲಿಟ್ಟು ಒಯ್ದೆ. ಸಂಜೆ ಬಂದು ಬರಿ ಬುಟ್ಟಿ ತೋರಿಸಿದಾಗ, ಅದರೊಳಗೆ ಎಡಗೈ ಆಡಿಸಿ ನೋಡಿದರು, ಚೂರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡವರ ಹಾಗೆ. ಮುಂದಿನ ವರ್ಷಕ್ಕೆ ಅವರು ಇರಲಿಲ್ಲ…

ಒಂದಾದರೂ ಮುಟ್ಟಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೂ, ದಣಿದರೆ ದಣಿಯಲಿ, ಇನ್ನೊಂದು ಮುದ್ದೆ ಅವರ ಮುಂದೆ ಇಡಬೇಕಿತ್ತು ಅನಿಸುತ್ತದೆ. ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಒಳ್ಳೆಯವರು, ರೊಟ್ಟಿ ಕೊಂಡು ತರುತ್ತಾರೆ. ಇಟಗಿಗೆ ನಾನೊಬ್ಬಳೇ ಹೋಗುತ್ತೇನೆ. ಹೋದ ಸಲ ದೊಡ್ಡವ್ವನ ಹೆಸರಿನಲ್ಲಿ ಅಂತ ಒಂದಿಷ್ಟು ರೊಟ್ಟಿ ಬೇರೆ ಬಡಿದಿಟ್ಟೆ. ಬುಟ್ಟಿಗೆ ತುಂಬುವಾಗ ನೋಡಿದರೆ ಯಾವುದು ಅವರದು, ಯಾವುದು ನನ್ನದು, ಗುರುತೇ ಸಿಗಲಿಲ್ಲ. ಎಲ್ಲವೂ ನನ್ನ ಕೈಯವೇ ಆಗಿದ್ದವು.