ಕಾಶಿಯಲ್ಲಿ ಬಿಟ್ಟ ಜೀಗುಜ್ಜೆ

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು. ಆಮೇಲೆ ಜೀವಮಾನವಿಡೀ ಅದನ್ನು ತಿನ್ನುವಂತಿಲ್ಲ. ಅಪ್ಪನ ಅಸ್ಥಿ ಬಿಡಲು ಹೋದಾಗ ಪುರೋಹಿತರು ಏನು ಬಿಡುತ್ತೀರಿ ಎಂದು ಕೇಳಿದ ಕೂಡಲೇ ಅಮ್ಮ ಮಾವಿನ ಹಣ್ಣು ಎಂದಳು. ಮೇ ತಿಂಗಳಲ್ಲಿ ರಾತ್ರಿಯ ಊಟ ಬಿಟ್ಟು ಬರೀ ಮಾವಿನ ಹಣ್ಣು ತಿಂದು ಮಲಗುತ್ತಿದ್ದ ಹೆಂಗಸು ಅವಳು. ನನ್ನ ಸರದಿ ಬಂದಾಗ ನಾನು ಜೀಗುಜ್ಜೆ ಎಂದೆ.

ಜೀಗುಜ್ಜೆ ಎಂದರೆ ಘಟ್ಟದ ಮೇಲಿನವರು ದೀವಿಹಲಸು ಎನ್ನುವ ಕಾಯಿ. ನಮ್ಮ ಕರಾವಳಿಯಲ್ಲಿ ಅದನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು ಪೋಡಿ ಮಾಡುತ್ತಾರೆ. ಅಪ್ಪನಿಗೆ ಆ ಪೋಡಿಯೆಂದರೆ ಪ್ರಾಣ. ನನಗೆ ಚಿಕ್ಕಂದಿನಿಂದಲೂ ಅದನ್ನು ಕಂಡರಾಗದು. ಪ್ರತಿ ಸಲವೂ ಅಪ್ಪ ಎರಡು ಬಿಸಿ ಪೋಡಿಗಳನ್ನು ನನ್ನ ತಟ್ಟೆಯ ಅಂಚಿಗೆ ಇಡುತ್ತಿದ್ದರು, ಪ್ರತಿ ಸಲವೂ ನಾನು ಅವನ್ನು ಅವರ ತಟ್ಟೆಗೇ ದಾಟಿಸುತ್ತಿದ್ದೆ. ಕಾಶಿಯಲ್ಲಿ ನಾನು ಹಾಕಿದ ಲೆಕ್ಕ ಸರಳವಾಗಿತ್ತು. ನಾನಿರುವ ನ್ಯೂಜೆರ್ಸಿಯಲ್ಲಿ ಅದು ಸಿಗುವುದಿಲ್ಲ, ಸಿಕ್ಕರೂ ನಾನು ತಿನ್ನುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಜಾತಿಯವಳು ನಾನು.

ಆದರೆ ಅಮ್ಮ ಅದನ್ನು ಎಲ್ಲರಿಗೂ ಬೇರೆಯೇ ರೀತಿಯಲ್ಲಿ ಹೇಳಿದಳು. "ಅವಳು ಅಪ್ಪನಿಗೆ ಇಷ್ಟದ್ದನ್ನೇ ಬಿಟ್ಟದ್ದು" ಎಂದು ಅವಳು ಫೋನಿನಲ್ಲಿ ಹೇಳಿದರೆ ಆ ಕಡೆ ಚಿಕ್ಕಮ್ಮಂದಿರು ಅಳುತ್ತ ಮೂಗೆಳೆಯುವುದು ನನಗೆ ಕೇಳಿಸುತ್ತಿತ್ತು. ನಾನು ಪೋಡಿ ದಾಟಿಸುತ್ತಿದ್ದುದನ್ನು ಅಮ್ಮ ಮರೆತಿದ್ದಾಳೋ, ಮರೆತಂತೆ ಇದ್ದಾಳೋ ತಿಳಿಯದು. ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪನಿಗೆ ಕೊಡಬೇಕಾದದ್ದರಲ್ಲೂ ಮೋಸ ಮಾಡಿದೆನೆಂಬ ಮುಳ್ಳು ಮಾತ್ರ ಒಳಗೆ ಹಾಗೇ ಉಳಿಯಿತು.

ಈ ವರ್ಷ ಅಮ್ಮ ಆರು ತಿಂಗಳಿಗೆಂದು ಹ್ಯಾರಿಸನ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಮಗಳಿಗೆ ಸ್ಪ್ರಿಂಗ್ ಬ್ರೇಕ್ ಇತ್ತು. ಗಂಡನಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದ್ದುದರಿಂದ ಅವನನ್ನು ಬಿಟ್ಟು ನಾವು ಮೂವರು ಹೆಂಗಸರೇ ನ್ಯೂಯಾರ್ಕಿನಿಂದ ವಿಮಾನ ಹತ್ತಿ ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪಕ್ಕೆ ಹೋದೆವು. ಅಮ್ಮ ಒಂದು ಚೀಲದ ತುಂಬಾ ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡಿದ್ದಳು. ಊರಿನ ಅಡುಗೆಗಳ ರುಚಿ ನೋಡಲೆಂದೇ ಊಟದ ಟೂರಿಗೆ ಹೋಗುವವರು ಯಾರಾದರೂ ಅವಲಕ್ಕಿ ಕಟ್ಟಿಕೊಳ್ಳುತ್ತಾರೆಯೇ ಎಂದು ನಾನು ರೇಗಿದೆ. "ನೀನು ನಿನ್ನ ಟೂರು ಮಾಡು ಮಾರಾಯ್ತಿ, ನಾನು ನನ್ನ ಅವಲಕ್ಕಿ ತಿಂತೇನೆ" ಎಂದಳು.

ಅವಲಕ್ಕಿಯ ಗಂಟು ಬಿಚ್ಚುವ ಪ್ರಸಂಗವೇ ಬರಲಿಲ್ಲ. ವ್ಯಾನ್ ಓಡಿಸುತ್ತಿದ್ದ ಗೈಡ್ ನನ್ನ ವಯಸ್ಸಿನ ಹೆಂಗಸು. ನಾವು ಮೀನು ಮಾಂಸ ಮುಟ್ಟುವುದಿಲ್ಲವೆಂದು ಮೊದಲೇ ತಿಳಿಸಿದ್ದರಿಂದ ನಮ್ಮನ್ನು ನೇರವಾಗಿ ತನ್ನ ಅತ್ತೆಯ ಮನೆಗೇ ಕರೆದೊಯ್ದಳು. ಅಂಗಳದಲ್ಲಿ ಅಡುಗೆ, ಅಂಗಳದಲ್ಲೇ ಊಟ. ಮೊದಲು ಕೊಟ್ಟದ್ದು ಕೋಕೋ ಟೀ. ಆ ನೆಲದ ಕೋಕೋ ಬೀಜವನ್ನು ಅರೆದು, ದಾಲ್ಚಿನ್ನಿ, ಜಾಯಿಕಾಯಿ ಹಾಕಿ ಕುದಿಸಿದ್ದು. ಅಮ್ಮ ಮೂಸಿ ನೋಡಿ, "ಟೀ ಎಲ್ಲಿ ಬಂತು, ಇದು ಕಷಾಯ" ಎಂದು ತೀರ್ಪು ಕೊಟ್ಟು ಎರಡನೆಯ ಲೋಟಕ್ಕೆ ಕೈ ಚಾಚಿದಳು.

ಆಮೇಲೆ ಆ ಮುದುಕಿ ಅತ್ತೆ ಹಸಿರು ಸೂಪಿಗೆಂದು ಎಲೆ ಹೆಚ್ಚತೊಡಗಿದಾಗ ಅಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು. ಅದು ನಮ್ಮ ಪತ್ರೊಡೆಯ ಕೆಸುವಿನ ಎಲೆ.

"ಬಾಯಿ ತುರಿಸುದಿಲ್ವಾ ಕೇಳು" ಎಂದಳು ನನಗೆ.

ಕೇಳಿದೆ. ಚೆನ್ನಾಗಿ ಬೇಯಿಸಿ ನಿಂಬೆ ಹಿಂಡಿದರೆ ತುರಿಸುವುದಿಲ್ಲವಂತೆ.

"ನಾವು ಹುಣಸೆಹುಳಿ ಹಾಕುದು ಅಂತ ಹೇಳು."

ಹೇಳಿದೆ. ಮುದುಕಿ ನಕ್ಕು ಒಳಗಿನಿಂದ ಒಂದು ಜಗ್ ತಂದಳು. ನೋಡಿದರೆ ಹುಣಸೆಹಣ್ಣಿನ ಪಾನಕ. ಹುಳಿಯನ್ನು ಸಾರಿಗೆ ಹಾಕದೆ ಹೀಗೆ ಗಟಗಟ ಕುಡಿಯುವ ಜನರನ್ನು ಅಮ್ಮ ಮೆಚ್ಚಿಕೊಂಡಳು. ಅಲ್ಲಿಂದ ಮುಂದೆ ನನ್ನ ಅನುವಾದವೂ ಅವರಿಗೆ ಬೇಕಾಗಲಿಲ್ಲ. ಇಬ್ಬರೂ ಕೈ ಬಾಯಿ ಆಡಿಸುತ್ತ ಒಲೆಯ ಮುಂದೆ ಕೂತರು. ಅಪ್ಪ ಹೋದ ಮೇಲೆ ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ, ನೋಡಿ ಹೊಟ್ಟೆ ತಂಪಾಯಿತು.

ಅಷ್ಟರಲ್ಲಿ ಮುದುಕಿ ಕೆಂಡದಲ್ಲಿ ಹೂತಿಟ್ಟಿದ್ದ ಕರಿ ಉಂಡೆಯೊಂದನ್ನು ಹೊರಳಿಸಿ ತೆಗೆದಳು. ಸುಟ್ಟ ಸಿಪ್ಪೆ ಕೆರೆದು ಕತ್ತಿಯಿಂದ ಹೋಳು ಮಾಡಿದಾಗ ಒಳಗೆ ಕೆನೆಬಣ್ಣದ ತಿರುಳು, ಬಿಸಿ ಹಬೆ. ಯಾರೂ ಹೆಸರು ಹೇಳಬೇಕಾಗಿರಲಿಲ್ಲ. ಆ ದ್ವೀಪದವರ ಮುಖ್ಯ ಆಹಾರವೇ ಜೀಗುಜ್ಜೆ ಎಂದು ನನಗೇನು ಗೊತ್ತಿತ್ತು.

ಬೆಣ್ಣೆ ಸವರಿದ ಹೋಳನ್ನು ಮುದುಕಿ ನನ್ನ ಮುಂದೆ ಹಿಡಿದಳು. ಅಮ್ಮ ಮೆಲ್ಲನೆ ಅವಳ ಕೈ ತಡೆದು, ತನಗೆ ಬಂದ ಇಂಗ್ಲಿಷಿನಲ್ಲೇ ಹೇಳಿದಳು, ಇವಳು ತಿನ್ನುವುದಿಲ್ಲ, ಇವಳ ಅಪ್ಪನಿಗಾಗಿ ಬಿಟ್ಟಿದ್ದಾಳೆ ಎಂದು. ಮುದುಕಿಯ ಕಣ್ಣು ಒದ್ದೆಯಾಯಿತು. ನನ್ನ ಭುಜ ಸವರಿದಳು. "ಅಮ್ಮಾ, ಯು ನೆವರ್ ಟೋಲ್ಡ್ ಮಿ" ಎಂದು ಮಗಳು ನನ್ನ ತೋಳಿಗೆ ಒರಗಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅದಕ್ಕಿಂತ ದೊಡ್ಡ ಫಜೀತಿ ಬೇರೆಯೇ ಇತ್ತು. ಸುಟ್ಟ ಜೀಗುಜ್ಜೆಯ ವಾಸನೆಗೆ ನನ್ನ ಬಾಯಲ್ಲಿ ನೀರು ಬರುತ್ತಿತ್ತು. ಹುಟ್ಟಿದಾಗಿನಿಂದ ಬೇಡವಾಗಿದ್ದದ್ದು ಈಗ ಬೇಕೇ ಬೇಕು ಎನಿಸಿತು. ಮಗಳು ತಿನ್ನುವುದನ್ನು ನೋಡಲಾಗದೆ ಬೇಲಿಯ ಕಡೆ ತಿರುಗಿ ಸೂಪು ಕುಡಿದೆ.

ಹ್ಯಾರಿಸನ್‌ಗೆ ಮರಳಿದ ಮೇಲೂ ಆ ಆಸೆ ಹೋಗಲಿಲ್ಲ. ಎರಡು ವಾರ ಕಳೆದು ಒಂದು ಶನಿವಾರ ಫ್ಲೋರಲ್ ಪಾರ್ಕ್‌ನ ಸ್ನೇಹಿತರ ಮನೆಯಿಂದ ಬರುವಾಗ ಕ್ವೀನ್ಸ್‌ನ ಒಂದು ಕೆರಿಬಿಯನ್ ಅಂಗಡಿಯಲ್ಲಿ ಗೆಣಸಿನ ರಾಶಿಯ ಪಕ್ಕ ಜೀಗುಜ್ಜೆ ಕಂಡಿತು. ನನ್ನ ಲೆಕ್ಕ ಅಲ್ಲಿಯೂ ತಪ್ಪಿತ್ತು. ಮಗಳು ಹಟ ಮಾಡಿ ಒಂದನ್ನು ತೆಗೆಸಿಕೊಂಡಳು.

ಮರುದಿನ ಮಧ್ಯಾಹ್ನ ಅಮ್ಮ ಪೋಡಿಗೆ ಕೂತಳು. ಸ್ಮೋಕ್ ಅಲಾರ್ಮ್ ಕೂಗದಿರಲೆಂದು ನಾನು ಕಿಟಕಿ ತೆರೆದೆ. ಹಾಗೇ ಹೊರಗೆ ನೋಡುತ್ತ ಹೇಳಿಬಿಟ್ಟೆ.

"ಅಮ್ಮಾ, ನಾನು ಕಾಶಿಯಲ್ಲಿ ಅಪ್ಪನಿಗೋಸ್ಕರ ಬಿಟ್ಟದ್ದಲ್ಲ. ಹೇಗೂ ಇಷ್ಟ ಇರಲಿಲ್ಲ, ಅದಕ್ಕೆ ಬಿಟ್ಟದ್ದು."

"ಗೊತ್ತುಂಟು" ಎಂದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಿನ್ನನ್ನು ಹೆತ್ತದ್ದು ನಾನಲ್ವಾ."

"ಮತ್ತೆ ಎಲ್ಲರ ಹತ್ತಿರ ಯಾಕೆ ಹಾಗೆ ಹೇಳಿದ್ದು?"

"ನಿನ್ನ ಮರ್ಯಾದೆಗೆ ಅಲ್ಲ. ಮಗಳು ಎಂತ ಬಿಟ್ಟಳು ಅಂತ ಕೇಳಿದ್ರೆ, ನಿನ್ನ ಅಪ್ಪನಿಗೆ ಒಂದು ಮರ್ಯಾದೆ ಬೇಡ್ವಾ?"

ನನಗೆ ಅಳು ಬಂತು. ಅಮ್ಮ ಬೇಕೆಂದೇ ನನ್ನ ಕಡೆ ನೋಡಲಿಲ್ಲ. ಒಂದು ಹೋಳನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು.

"ಅಲ್ಲಿ ತಿನ್ಬೇಕು ಅನ್ನಿಸಿತಾ?"

"ಅನ್ನಿಸಿತು."

"ಈಗ?"

"ಈಗಲೂ."

"ಹಾಗಾದ್ರೆ ಅಪ್ಪನಿಗೆ ಅಂತ ಇವತ್ತು ಬಿಡು" ಎಂದು ಸೌಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

ಉಳಿದ ಹೋಳುಗಳನ್ನೆಲ್ಲ ನಾನೇ ಕರಿದೆ. ಬೆಳಗಿನಿಂದ ಸರಿಯಾಗಿ ತಿಂದಿರಲಿಲ್ಲ, ಹೊಟ್ಟೆ ಹಸಿದಿತ್ತು, ಅಡುಗೆಮನೆಯೆಲ್ಲ ಇಂಗಿನ ಘಮ. ಮಗಳು ಬಂದು ನಾಲ್ಕು ಪೋಡಿ ತಿಂದಳು. ಐದನೆಯದನ್ನು ಊದಿ ಆರಿಸಿ ನನ್ನ ಬಾಯಿಯ ಹತ್ತಿರ ತಂದು, "ಜಸ್ಟ್ ಒನ್, ಅಮ್ಮಾ. ನೋ ಒನ್ ವಿಲ್ ನೋ" ಎಂದಳು.

"ಬೇಡ ಪುಟ್ಟಾ, ಅದನ್ನು ಅಜ್ಜನಿಗೆ ಕೊಟ್ಟಾಗಿದೆ" ಎಂದೆ. ಕೊಟ್ಟು ಆಗ ಅರ್ಧ ಗಂಟೆಯಾಗಿತ್ತಷ್ಟೆ.